ಲಿಗ್ನೈಟ್ ಗಣಿಯ ಅಂಟಿನಲ್ಲಿ ಉಳಿದ ಕೀಟಗಳು

ಅಹಮದಾಬಾದಿನಿಂದ ವಡೋದರಾ ದಾಟಿ ಸೂರತ್ತಿಗೆ ಹೋಗುವ ರೈಲು ಬಹುಪಾಲು ಸಾಗುವುದು ಭೂವಿಜ್ಞಾನಿಗಳು ಖಂಭಾತ್ ಕೊಳ್ಳವೆಂದು ಕರೆಯುವ ನೆಲದ ಮೇಲೆ. ಈ ನೆಲಕ್ಕೆ ಹೆಸರು ಬಂದದ್ದು ಎಣ್ಣೆಯಿಂದ. ಅಂಕಲೇಶ್ವರದಲ್ಲಿ ತೈಲ ಸಿಕ್ಕಿದ್ದು 1960ರಲ್ಲಿ. ಆದರೆ ಸೂರತ್ ಜಿಲ್ಲೆಯ ವಸ್ತಾನ್ ಮತ್ತು ತಡಕೇಶ್ವರದ ಲಿಗ್ನೈಟ್ ಗಣಿಗಳಲ್ಲಿ ಇನ್ನೊಂದು ವಸ್ತುವೂ ಸಿಗುತ್ತದೆ. ಕಪ್ಪು ಲಿಗ್ನೈಟಿನ ನಡುವೆ ಜೇನಿನ ಬಣ್ಣದ ಹರಳುಗಳು: ಅಂಬರ್, ಅಂದರೆ ಕಲ್ಲಾಗಿ ಉಳಿದ ಮರದ ರಾಳ.

5 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಕರಾವಳಿಯ ಮಳೆಕಾಡಿತ್ತು. ಧ್ರುವಗಳಲ್ಲೂ ಹಿಮದ ಹಾಸಿಲ್ಲದಷ್ಟು ಭೂಮಿ ಬೆಚ್ಚಗಿದ್ದ ಕಾಲ. ಭಾರತವೂ ಸಮಭಾಜಕ ವೃತ್ತಕ್ಕೆ ಈಗಿಗಿಂತ ಹತ್ತಿರವಿತ್ತು. ಬಿಸಿ, ತೇವ, ದಟ್ಟ ನೆರಳು, ಹೂಬಿಡುವ ಮರಗಳು, ಕೊಳೆಯುವ ಎಲೆ. ಕೀಟಗಳಿಗೆ ಇದಕ್ಕಿಂತ ಹೆಚ್ಚೇನು ಬೇಕು? ರಾಳ ಸುರಿಸಿದ್ದು ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ಕುಲದವು. ದಕ್ಷಿಣ ಕನ್ನಡದವರಿಗೆ ಆ ಅಂಟಿನ ವಾಸನೆ ಹೊಸದಲ್ಲ. ಗಾಯವಾದ ತೊಗಟೆಯಿಂದ ಅಂಟು ಇಳಿಯಿತು. ನುಸಿ, ಇರುವೆ, ಗೆದ್ದಲು, ಜೇನು ಅದರಲ್ಲಿ ಕಾಲಿಟ್ಟವು. ದೊಡ್ಡವು ಕಿತ್ತುಕೊಂಡು ಹೋಗುತ್ತವೆ, ಆದ್ದರಿಂದ ಅಂಬರ್ ಹೇಳುವುದು ಹೆಚ್ಚಾಗಿ ಸಣ್ಣವರ ಕಥೆ.

ಬಾನ್ ವಿಶ್ವವಿದ್ಯಾಲಯದ ಜೆಸ್ ರುಸ್ಟ್, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ಹುಕಮ್ ಸಿಂಗ್, ನ್ಯೂಯಾರ್ಕಿನ ಡೇವಿಡ್ ಗ್ರಿಮಾಲ್ಡಿ ಮತ್ತು ಸಂಗಡಿಗರು ಸುಮಾರು 150 ಕಿಲೋ ಅಂಬರನ್ನು ಜಾಲಾಡಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೀಟ, ಜೇಡ ಇತ್ಯಾದಿ ಸೇರಿ 700ಕ್ಕೂ ಹೆಚ್ಚು ಜೀವಿಗಳು, 55ಕ್ಕೂ ಮಿಕ್ಕಿದ ಕುಟುಂಬಗಳು. ಬಾಲ್ಟಿಕ್ ಅಂಬರ್ ಸುಲಭಕ್ಕೆ ಕರಗದು. ಇದು ತಕ್ಕ ದ್ರಾವಕದಲ್ಲಿ ಕರಗುತ್ತದೆ. ಹಾಗಾಗಿ ಕೀಟವನ್ನು ಇಡಿಯಾಗಿ ಹೊರತೆಗೆಯಬಹುದು.

ಅಚ್ಚರಿ ಬೇರೆಯೇ. ಭಾರತ ಮಡಗಾಸ್ಕರ್‌ನಿಂದ ಬೇರ್ಪಟ್ಟದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ. ಆಮೇಲೆ ಏಷ್ಯಾಕ್ಕೆ ತಾಗುವವರೆಗೂ ಅದು ಒಂಟಿ ತೆಪ್ಪ. ಅಷ್ಟು ಕಾಲ ಒಂಟಿಯಾಗಿದ್ದ ನೆಲದಲ್ಲಿ ಬೇರೆಲ್ಲೂ ಇಲ್ಲದ ಕೀಟಗಳೇ ತುಂಬಿರಬೇಕಿತ್ತು. ಸಿಕ್ಕಿದ್ದು ಹಾಗಲ್ಲ: ಹಲವಕ್ಕೆ ಏಷ್ಯಾ, ಯೂರೋಪ್, ಮಧ್ಯ ಅಮೆರಿಕದಲ್ಲೂ ನೆಂಟರಿದ್ದರು. ತೆಪ್ಪ ದಡ ಮುಟ್ಟುವ ಮೊದಲೇ ದ್ವೀಪದಿಂದ ದ್ವೀಪಕ್ಕೆ ಹಾರಿ ಹೋಗಿಬರುವ ಹಾದಿ ಇದ್ದಿರಬೇಕು ಎಂಬುದು ಸಂಶೋಧಕರ ಊಹೆ. ಈ ಊಹೆ ಒಪ್ಪುವಂಥದ್ದೇ. ರೆಕ್ಕೆಯಿದ್ದವರಿಗೆ ಸಮುದ್ರ ನಾವು ಅಂದುಕೊಂಡಷ್ಟು ಅಗಲವಲ್ಲ.

ಒಂದು ಇಕ್ಕಟ್ಟಿದೆ. ಗಣಿ ತೋಡದಿದ್ದರೆ ಈ ಅಂಬರ್ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ತೋಡಿದ ಲಿಗ್ನೈಟ್ ಹೋಗುವುದು ಪಕ್ಕದ ನಾನಿ ನರೋಲಿಯ ವಿದ್ಯುತ್ ಸ್ಥಾವರಕ್ಕೆ. ಯಾರೂ ಆರಿಸಿಕೊಳ್ಳದ ಹರಳು, ಒಳಗಿನ ನುಸಿಯ ಸಮೇತ, ಅಲ್ಲಿನ ಒಲೆ ಸೇರುತ್ತದೆ.