ಕ್ಯಾಥೆಡ್ರಲ್: ಒಂದು ಕುರ್ಚಿಯ ವಂಶಾವಳಿ

ಬೆಂಗಳೂರಿನಲ್ಲಿ ಕ್ಯಾಥೆಡ್ರಲ್ ಎಲ್ಲಿದೆ ಎಂದು ಕೇಳಿದರೆ ಅನೇಕರು ಶಿವಾಜಿನಗರದತ್ತ ಕೈ ತೋರಿಸುತ್ತಾರೆ. ಸೆಪ್ಟೆಂಬರಿನ ಜಾತ್ರೆ, ಸೀರೆಯುಟ್ಟ ಮಾತೆ, ಮುಗಿಲಿಗೆ ಚಾಚಿದ ಗೋಪುರ, ಇಷ್ಟಿದ್ದ ಮೇಲೆ ಅದಲ್ಲದೆ ಮತ್ತಾವುದು? ಆದರೆ ಸಂತ ಮೇರಿಯ ಆ ದೇವಾಲಯ ಬೆಸಿಲಿಕಾ, ಕ್ಯಾಥೆಡ್ರಲ್ ಅಲ್ಲ. ಬೆಂಗಳೂರಿನ ಕ್ಯಾಥೊಲಿಕ್ ಮಹಾಧರ್ಮಾಧ್ಯಕ್ಷರ ಕ್ಯಾಥೆಡ್ರಲ್ ಇರುವುದು ಕೋಲ್ಸ್ ಪಾರ್ಕಿನ ಹತ್ತಿರ, ಸಂತ ಫ್ರಾನ್ಸಿಸ್ ಸೇವಿಯರ್ ಹೆಸರಿನಲ್ಲಿ. ರೋಮಿನ ಕಥೆಯೂ ಹೀಗೇ. ಜಗತ್ತೆಲ್ಲ ನೋಡಲು ಹೋಗುವ ಸಂತ ಪೀಟರ್ ಬೆಸಿಲಿಕಾ ಪೋಪರ ಕ್ಯಾಥೆಡ್ರಲ್ ಅಲ್ಲ, ಆ ಪಟ್ಟ ಲ್ಯಾಟರನ್ನಿನ ಸಂತ ಜಾನ್ ದೇವಾಲಯದ್ದು. ಎತ್ತರ, ವಿಸ್ತಾರ, ಜನಜಂಗುಳಿ ಯಾವುದೂ ಲೆಕ್ಕಕ್ಕಿಲ್ಲ. ಒಳಗೆ ಬಿಷಪ್ಪರ ಕುರ್ಚಿ ಇದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ.

ಏಕೆಂದರೆ ಈ ಪದದ ಬೇರಿನಲ್ಲಿರುವುದೇ ಕುರ್ಚಿ. ಗ್ರೀಕಿನಲ್ಲಿ ‘ಕತಾ’ ಎಂದರೆ ಕೆಳಕ್ಕೆ, ‘ಹೆದ್ರಾ’ ಎಂದರೆ ಆಸನ. ಎರಡೂ ಕೂಡಿ ‘ಕಥೆದ್ರಾ’ ಆಯಿತು, ಕೂರುವ ಪೀಠ. ಈ ‘ಹೆದ್ರಾ’ ನಮಗೆ ತೀರ ಪರಕೀಯವಲ್ಲ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದಂತೆ, ಮೂಲಭಾಷೆಯ ಸಕಾರ ಗ್ರೀಕಿನಲ್ಲಿ ಹಕಾರವಾಗಿದೆ. ಸಂಸ್ಕೃತದ ‘ಸಪ್ತ’ಕ್ಕೆ ಹಳೆಯ ಗ್ರೀಕರು ‘ಹೆಪ್ತಾ’ ಎನ್ನುತ್ತಿದ್ದರು. ಹಾಗೆ ‘ಹೆದ್ರಾ’ದ ಹಕಾರವನ್ನು ಸಕಾರಕ್ಕೆ ಮರಳಿಸಿದರೆ ಸಿಗುವುದು ‘ಸದ್’, ಕುಳಿತುಕೊಳ್ಳು ಎಂಬ ಧಾತು. ಸದನ, ಸದಸ್ಯ, ಸುತ್ತ ಕೂತವರ ‘ಪರಿಷತ್ತು’, ಹತ್ತಿರ ಕೂತು ಕಲಿಯುವ ‘ಉಪನಿಷತ್ತು’ ಎಲ್ಲವೂ ಈ ಧಾತುವಿನವು. ಬಸ್ಸಿನಲ್ಲಿ ನಾವು ಕರವಸ್ತ್ರ ಹಾಕಿ ಹಿಡಿಯುವ ‘ಸೀಟು’ ಕೂಡ ಇಂಗ್ಲಿಷಿನ ದಾರಿಯಿಂದ ಬಂದ ಇದೇ ಮನೆತನದ ಕೂಸು.

ಗ್ರೀಕಿನಿಂದ ಲ್ಯಾಟಿನ್ನಿಗೆ ‘ಕ್ಯಾಥೆಡ್ರಾ’ ಆಗಿ ಹೋದ ಈ ಪೀಠಕ್ಕೆ ರೋಮನ್ನರಲ್ಲಿ ಮೊದಲು ದೊಡ್ಡ ಗತ್ತೇನೂ ಇರಲಿಲ್ಲ. ಹೆಂಗಸರು ಒರಗಿ ಕೂರುವ, ಕೈಯಿಲ್ಲದ ಮೆತ್ತನೆಯ ಕುರ್ಚಿಗೂ ಅದೇ ಹೆಸರು. ಪಾಠ ಹೇಳುವ ಗುರು ಅದರಲ್ಲಿ ಕೂತ ಮೇಲೆ ಪದದ ಅದೃಷ್ಟ ಬದಲಾಯಿತು. ಆ ಕಾಲದಲ್ಲಿ ಬೋಧಿಸುವವನು ಕೂರುತ್ತಿದ್ದ. ಮೊದಮೊದಲ ಕ್ರೈಸ್ತ ಬಿಷಪ್ಪರೂ ಕೂತೇ ಉಪದೇಶ ಮಾಡಿದರು. ಕುರ್ಚಿ ಬೋಧನೆಯ ಗುರುತಾಯಿತು, ಬೋಧನೆಯಿಂದ ಅಧಿಕಾರದ ಗುರುತಾಯಿತು. ಅಂಥ ಕುರ್ಚಿಯನ್ನುಳ್ಳ ದೇವಾಲಯಕ್ಕೆ ಲ್ಯಾಟಿನ್ನಿನಲ್ಲಿ ‘ಎಕ್ಲೇಸಿಯಾ ಕ್ಯಾಥೆಡ್ರಾಲಿಸ್’ ಎಂದರು. ಇಲ್ಲಿ ನಾಮಪದ ‘ಎಕ್ಲೇಸಿಯಾ’, ‘ಕ್ಯಾಥೆಡ್ರಾಲಿಸ್’ ಬರಿಯ ವಿಶೇಷಣ. ಇಂಗ್ಲಿಷಿಗೂ ಅದು 1300ರ ಸುಮಾರಿಗೆ ವಿಶೇಷಣವಾಗಿಯೇ ಬಂತು. ‘ಚರ್ಚ್’ ಎಂಬ ಊರುಗೋಲನ್ನು ಬಿಟ್ಟು ತಾನೇ ನಾಮಪದವಾಗಿ ನಿಲ್ಲಲು ಹದಿನಾರನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಅಂದರೆ ಇಂಗ್ಲೆಂಡಿನ ಮಧ್ಯಯುಗದ ಮಹಾದೇವಾಲಯಗಳನ್ನೆಲ್ಲ ಕಟ್ಟಿ ಮುಗಿಸಿದ ಮೇಲೆಯೇ ಅವುಗಳಿಗೆ ಇಂದಿನ ಹೆಸರು ಒಂಟಿಯಾಗಿ ದಕ್ಕಿದ್ದು.

ಕುರ್ಚಿ ಮೊದಲು, ಕಟ್ಟಡ ಆಮೇಲೆ ಎಂಬುದಕ್ಕೆ ಇಂಗ್ಲೆಂಡಿನ ಡೆವನ್ ಸೀಮೆಯ ಎಕ್ಸಿಟರ್ ಒಳ್ಳೆಯ ಸಾಕ್ಷಿ. ಅಲ್ಲಿನ ಬಿಷಪ್ಪರ ಪೀಠ ಮೊದಲಿದ್ದದ್ದು ಕ್ರೆಡಿಟನ್ ಎಂಬ ಸಣ್ಣ ಊರಿನಲ್ಲಿ. ಕಡಲ್ಗಳ್ಳರ ಭಯವಿದ್ದುದರಿಂದ ಬಿಷಪ್ ಲಿಯೋಫ್ರಿಕ್ ರೋಮನ್ನರ ಕಾಲದ ಕೋಟೆಗೋಡೆಯಿದ್ದ ಎಕ್ಸಿಟರಿಗೆ ಪೀಠವನ್ನು ಸಾಗಿಸಿದ. ಅದು 1050ರಲ್ಲಿ. ದೊರೆ ಎಡ್ವರ್ಡ್ ಮತ್ತು ರಾಣಿ ಈಡಿತ್ ಲಿಯೋಫ್ರಿಕ್‌ನನ್ನು ಆಚೆಯೊಬ್ಬರು ಈಚೆಯೊಬ್ಬರು ಕೈಹಿಡಿದು ಕರೆತಂದು ಪೀಠದಲ್ಲಿ ಕೂರಿಸಿದರೆಂದು ಆ ವರ್ಷದ ಸನ್ನದು ಹೇಳುತ್ತದೆ. ಹೊಸ ಕ್ಯಾಥೆಡ್ರಲ್ಲಿಗಾಗಿ ಒಂದು ಇಟ್ಟಿಗೆಯನ್ನೂ ಇಡಬೇಕಾಗಲಿಲ್ಲ. ಅಲ್ಲಿ ಮೊದಲೇ ಇದ್ದ ಮಠದ ದೇವಾಲಯವೇ ಕುರ್ಚಿ ಬಂದ ಗಳಿಗೆಯಿಂದ ಕ್ಯಾಥೆಡ್ರಲ್ ಆಯಿತು. ನಾರ್ಮನ್ನರು ಗೆದ್ದ ಮೇಲೆ, 1075ರ ಲಂಡನ್ ಧರ್ಮಸಭೆ ಹಳ್ಳಿಗಳಲ್ಲಿದ್ದ ಇನ್ನಷ್ಟು ಪೀಠಗಳನ್ನು ಪಟ್ಟಣಗಳಿಗೆ ಎಬ್ಬಿಸಿತು. ಸೆಲ್ಸೀಯದು ಚಿಚೆಸ್ಟರಿಗೆ ಹೋಯಿತು, ಶೆರ್ಬರ್ನಿನದು ಓಲ್ಡ್ ಸೇರಮ್ಮಿಗೆ. ಬಿಟ್ಟುಬಂದ ದೇವಾಲಯಗಳು ಬೀಳಲಿಲ್ಲ, ಕ್ಯಾಥೆಡ್ರಲ್ ಎಂಬ ಹೆಸರನ್ನಷ್ಟೇ ಕಳೆದುಕೊಂಡವು.

ಈಗ ಎಕ್ಸಿಟರಿನಲ್ಲಿ ಕಾಣುವ ಕಟ್ಟಡ ಲಿಯೋಫ್ರಿಕ್ ಕಂಡದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ನಾರ್ಮನ್ನರು ಹೊಸದಾಗಿ ಕಟ್ಟಿದರು. ಅವರ ಎರಡು ದಪ್ಪ ಗೋಪುರಗಳನ್ನು ಉಳಿಸಿಕೊಂಡು, 1270ರ ಸುಮಾರಿನಿಂದ ಮುಂದಿನ ನೂರು ವರ್ಷಗಳಲ್ಲಿ ಉಳಿದುದೆಲ್ಲವನ್ನೂ ಗಾಥಿಕ್ ಶೈಲಿಯಲ್ಲಿ ತಿರುಗಿ ಕಟ್ಟಲಾಯಿತು. ಗೋಪುರಗಳು ಎರಡು ಪಕ್ಕಗಳಲ್ಲಿದ್ದುದರಿಂದ ನಡುವೆ ಇನ್ನೊಂದು ಬೇಕಾಗಲಿಲ್ಲ. ಹಾಗಾಗಿ ಕಲ್ಲಿನ ಕಮಾನು ಚಾವಣಿ ಈ ತುದಿಯಿಂದ ಆ ತುದಿಗೆ ಸುಮಾರು 96 ಮೀಟರ್ ಎಲ್ಲೂ ತುಂಡಾಗದೆ ಹರಿದಿದೆ. ಮಧ್ಯಯುಗದ ಅಖಂಡ ಕಲ್ಲು ಚಾವಣಿಗಳಲ್ಲಿ ಇದೇ ಅತ್ಯಂತ ಉದ್ದದ್ದು ಎನ್ನುತ್ತಾರೆ.

ಆ ಚಾವಣಿಯ ಕೆಳಗೆ ಈ ಪದದ ಮೂಲವಸ್ತು ಇದೆ. ಬಿಷಪ್ ವಾಲ್ಟರ್ ಸ್ಟೇಪಲ್ಡನ್ನನ ಕಾಲದಲ್ಲಿ, 1312ರಿಂದ 1316ರ ಹೊತ್ತಿಗೆ ಮಾಡಿಸಿದ ಓಕ್ ಮರದ ಪೀಠ. ಕೂರುವ ಜಾಗ ಒಬ್ಬನಿಗಾಗುವಷ್ಟು, ಅದರ ಮೇಲಿನ ಕೆತ್ತನೆಯ ಮಂಟಪ ಮಾತ್ರ ಸುಮಾರು 18 ಮೀಟರ್ ಎತ್ತರ. ಮರ ಆರಿಸಲೆಂದು ವಿಂಚೆಸ್ಟರಿನ ಥಾಮಸ್ ಎಂಬ ಕುಶಲಿ ಬಂದದ್ದು ಕ್ಯಾಥೆಡ್ರಲ್ಲಿನ ಅಂದಿನ ಲೆಕ್ಕದ ಸುರುಳಿಗಳಲ್ಲಿ ದಾಖಲಾಗಿದೆ. ಜೋಡಣೆಗೆ ಕಬ್ಬಿಣದ ಮೊಳೆಯಲ್ಲ, ಮರದ ಗೂಟಗಳು. ಸ್ಟೇಪಲ್ಡನ್ ಬಿಷಪ್ ಮಾತ್ರವಲ್ಲ, ದೊರೆ ಎರಡನೆಯ ಎಡ್ವರ್ಡನ ಖಜಾಂಚಿಯಾಗಿದ್ದವನು, ಆಕ್ಸ್‌ಫರ್ಡಿನ ಎಕ್ಸಿಟರ್ ಕಾಲೇಜಿನ ಸ್ಥಾಪಕ. ದೊರೆಯ ಮೇಲೆ ರೊಚ್ಚಿಗೆದ್ದ ಲಂಡನ್ನಿನ ಗುಂಪು 1326ರಲ್ಲಿ ಈ ಮಾಜಿ ಖಜಾಂಚಿಯನ್ನು ನಡುಬೀದಿಯಲ್ಲಿ ಕೊಂದಿತು. ಕೂತವನು ಹತ್ತೇ ವರ್ಷಕ್ಕೆ ಹೋದ, ಕುರ್ಚಿ ಏಳುನೂರು ವರ್ಷ ದಾಟಿ ನಿಂತಿದೆ. ಎರಡನೆಯ ಮಹಾಯುದ್ಧದಲ್ಲಿ ಅದನ್ನು ಬಿಚ್ಚಿ ಬೇರೆಡೆಗೆ ಸಾಗಿಸಿದ್ದರು. 1942ರ ಮೇ ತಿಂಗಳಲ್ಲಿ ಬಾಂಬು ಬಿದ್ದು ಪಕ್ಕದ ಸಂತ ಜೇಮ್ಸ್ ಪ್ರಾರ್ಥನಾಲಯ ನುಚ್ಚುನೂರಾಯಿತು. ಗೂಟದ ಜೋಡಣೆಯ ಪೀಠ ಆಮೇಲೆ ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು.

ಪೀಠದ ಆಸುಪಾಸಿನಲ್ಲೇ ಇನ್ನೊಂದು ಬಗೆಯ ಆಸನಗಳಿವೆ. ದಿನಕ್ಕೆ ಹಲವು ಬಾರಿ ನಿಂತು ಪ್ರಾರ್ಥನೆ ಹಾಡಬೇಕಿದ್ದ ಪಾದ್ರಿಗಳಿಗಾಗಿ ಮಡಿಸುವ ಹಲಗೆಗಳು. ಮಡಿಸಿದಾಗ ಅಡಿಯಲ್ಲೊಂದು ಸಣ್ಣ ಚಾಚು ಕಾಣುತ್ತದೆ. ಅದಕ್ಕೆ ಒರಗಿದರೆ ನಿಂತಂತೆಯೂ ಆಯಿತು, ಕೂತಂತೆಯೂ ಆಯಿತು. ಇದಕ್ಕೆ ‘ಮಿಸೆರಿಕಾರ್ಡ್’ ಎಂದು ಹೆಸರು, ಲ್ಯಾಟಿನ್ನಿನ ಮೂಲಾರ್ಥ ಕರುಣೆ. ಎಕ್ಸಿಟರಿನ ಸುಮಾರು ಐವತ್ತು ಮಿಸೆರಿಕಾರ್ಡುಗಳು ಹೆಚ್ಚಾಗಿ ಹದಿಮೂರನೆಯ ಶತಮಾನದವು. ಒಂದರಲ್ಲಿ ಆನೆಯೊಂದನ್ನು ಕೆತ್ತಿದ್ದಾರೆ. ಸೊಂಡಿಲು, ದಂತ ಸರಿ, ಕಾಲು ಮಾತ್ರ ದನದ್ದು! ಫ್ರಾನ್ಸಿನ ದೊರೆ 1255ರಲ್ಲಿ ಇಂಗ್ಲೆಂಡಿನ ಮೂರನೆಯ ಹೆನ್ರಿಗೆ ಒಂದು ಆನೆಯನ್ನು ಉಡುಗೊರೆಯಾಗಿ ಕಳಿಸಿದ್ದ. ಕೆತ್ತನೆಯ ಕಾಲವೂ ಹೆಚ್ಚುಕಡಿಮೆ ಅದೇ. ಬಿಷಪ್ಪರಿಗೆ ಅಧಿಕಾರದ ಆಸನ, ಉಳಿದವರಿಗೆ ಕರುಣೆಯ ಆಸನ. ಮಧ್ಯಯುಗದ ಮೇಲುಕೀಳಿನ ಕ್ರಮವನ್ನು ಈ ಎರಡು ಪದಗಳೇ ಹೇಳಿಬಿಡುತ್ತವೆ.

ಪದ ಮಾತ್ರ ದೇವಾಲಯದೊಳಗೇ ಕೂತಿರಲಿಲ್ಲ. ಲ್ಯಾಟಿನ್ನಿನ ‘ಕ್ಯಾಥೆಡ್ರಾ’ ಜನರ ಬಾಯಲ್ಲಿ ಸವೆದು ಫ್ರೆಂಚಿನಲ್ಲಿ ‘ಶೇರ್’, ಅದರ ಪ್ಯಾರಿಸ್ ಉಚ್ಚಾರ ಹೊರಳಿ ‘ಶೇಜ್’, ಇಂಗ್ಲಿಷಿನಲ್ಲಿ ‘ಚೇರ್’ ಆಯಿತು. ಇಂಗ್ಲಿಷರಿಗೆ ಒಂದೇ ಮೂಲದ ಎರಡು ಪದ ಸಿಕ್ಕವು, ಅಡುಗೆಮನೆಗೆ ಚೇರು, ಬಿಷಪ್ಪರಿಗೆ ಕ್ಯಾಥೆಡ್ರಲ್. ಸ್ಪ್ಯಾನಿಷ್ ಭಾಷೆಯವರು ಇನ್ನೂ ಮುಂದೆ ಹೋಗಿ, ಕೂರುವ ವಸ್ತುವಿನ ಹೆಸರನ್ನು ಕೂರುವ ಅಂಗಕ್ಕೇ ಇಟ್ಟರು. ಅವರ ‘ಕಾದೆರಾ’ ಎಂದರೆ ಸೊಂಟದ ಕೀಲಿನ ಭಾಗ. ಪೋರ್ಚುಗೀಸಿನ ‘ಕಾದೇಯಿರಾ’ ಹಡಗು ಹತ್ತಿ ನಮ್ಮ ಕರಾವಳಿಗೇ ಬಂತು. ಮಂಗಳೂರಿನ ಕ್ರೈಸ್ತರ ಕೊಂಕಣಿಯಲ್ಲಿ ಕುರ್ಚಿಗೆ ‘ಕದೆಲ್’ ಎನ್ನುತ್ತಾರೆ. ಹಾಗಾಗಿ ಮಂಗಳೂರಿನ ಮನೆಯ ಜಗಲಿಯ ಕದೆಲಿಗೂ ಎಕ್ಸಿಟರಿನ ಕ್ಯಾಥೆಡ್ರಲ್ಲಿಗೂ ನೇರ ರಕ್ತಸಂಬಂಧ. ನಮ್ಮ ‘ಕುರ್ಚಿ’ ಮಾತ್ರ ಬೇರೆ ಗೋತ್ರದ್ದು, ಅರಬ್ಬಿಯ ‘ಕುರ್ಸಿ’ಯಿಂದ ಬಂದದ್ದು.

ಕುರ್ಚಿಯೊಂದಿಗೆ ಹೆಸರು ಬರುತ್ತದೆ, ಕುರ್ಚಿಯೊಂದಿಗೇ ಹೋಗುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ ಮತ್ತೊಮ್ಮೆ ತೋರಿಸಿಕೊಟ್ಟ. ಮಠಗಳನ್ನು ಮುಚ್ಚಿಸಿ, ಗ್ಲಾಸ್ಟರ್, ಪೀಟರ್‌ಬರೋದಂಥ ಕೆಲವು ಮಠದ ದೇವಾಲಯಗಳಲ್ಲಿ ಬಿಷಪ್ಪರನ್ನು ಕೂರಿಸಿದ. ರಾತ್ರಿ ಬೆಳಗಾಗುವುದರೊಳಗೆ ಅವು ಕ್ಯಾಥೆಡ್ರಲ್ಲುಗಳು. ವೆಸ್ಟ್‌ಮಿನ್‌ಸ್ಟರ್ ಅಬ್ಬೆ 1540ರಲ್ಲಿ ಆ ಪಟ್ಟ ಪಡೆದು 1556ರಲ್ಲಿ ಕಳೆದುಕೊಂಡಿತು. ದೊರೆಗಳ ಪಟ್ಟಾಭಿಷೇಕ ನಡೆಯುವ ಆ ತಾಣ ಇಂದು ಕ್ಯಾಥೆಡ್ರಲ್ ಅಲ್ಲ. ಹಲವು ಕ್ಯಾಥೆಡ್ರಲ್ಲುಗಳನ್ನು ನಾಚಿಸುವಂಥ ಬೆವರ್ಲಿ ಮಿನ್‌ಸ್ಟರ್ ಕೂಡ ಅಲ್ಲ.

ನಿಯಮ ಹೀಗಿದ್ದರೂ ಜನ ಕಂಡದ್ದು ಕುರ್ಚಿಯನ್ನಲ್ಲ, ಎತ್ತರವನ್ನು. ನ್ಯೂಯಾರ್ಕಿನಲ್ಲಿ 1913ರಲ್ಲಿ ಎದ್ದ ವುಲ್‌ವರ್ತ್ ಗಗನಚುಂಬಿಗೆ ‘ವಾಣಿಜ್ಯದ ಕ್ಯಾಥೆಡ್ರಲ್’ ಎಂದು ಹೆಸರಾಯಿತು. ಅಲ್ಲಿ ಬಿಷಪ್ಪರೂ ಇಲ್ಲ, ಪೀಠವೂ ಇಲ್ಲ. ಪ್ರೋಗ್ರಾಮರ್ ಎರಿಕ್ ರೇಮಂಡ್ 1997ರಲ್ಲಿ ಸಾಫ್ಟ್‌ವೇರ್ ಬರೆಯುವ ಎರಡು ಬಗೆಗಳಿಗೆ ಕ್ಯಾಥೆಡ್ರಲ್ ಮತ್ತು ಬಜಾರ್ ಎಂದು ಹೆಸರಿಟ್ಟ. ಕೆಲವೇ ಕುಶಲಿಗಳು ಬಾಗಿಲು ಹಾಕಿಕೊಂಡು ಕಟ್ಟುವುದು ಒಂದು, ಊರೆಲ್ಲ ಸೇರಿ ಕಟ್ಟುವುದು ಇನ್ನೊಂದು. ಪೀಠ ಮರೆಯಾದರೂ ಅದರ ಅಧಿಕಾರದ ವಾಸನೆ ಈ ಹೊಸ ಅರ್ಥದಲ್ಲಿ ಹೋಗಿಲ್ಲ.

ಕನ್ನಡ ಇದನ್ನು ಹೇಗೆ ಬರಮಾಡಿಕೊಂಡಿತು? ಕನ್ನಡ ಕ್ಯಾಥೊಲಿಕರು ಕ್ಯಾಥೆಡ್ರಲ್ಲಿಗೆ ‘ಪ್ರಧಾನಾಲಯ’ ಎನ್ನುತ್ತಾರೆ. ಅದರಲ್ಲಿ ಕುರ್ಚಿ ಮಾಯ, ಹಿರಿಮೆಯಷ್ಟೇ ಉಳಿದಿದೆ. ಬಿಷಪ್ಪರಿಗೆ ‘ಧರ್ಮಾಧ್ಯಕ್ಷ’ ಎಂದದ್ದು ಮಾತ್ರ ಬಲು ಚೊಕ್ಕ. ಬಿಷಪ್ ಪದದ ಗ್ರೀಕ್ ಮೂಲ ‘ಎಪಿಸ್ಕೊಪೊಸ್’, ಮೇಲಿನಿಂದ ನೋಡಿಕೊಳ್ಳುವವನು. ‘ಅಧ್ಯಕ್ಷ’ ಪದದಲ್ಲೂ ಇರುವುದು ಮೇಲ್ವಿಚಾರಣೆಯ ಕಣ್ಣೇ. ತಮಾಷೆಯೆಂದರೆ ಇಂಗ್ಲಿಷಿನ ‘ಚೇರ್ಮನ್’ಗೂ ನಾವು ಅಧ್ಯಕ್ಷ ಎಂದೇ ಹೇಳುತ್ತೇವೆ. ಅವರು ಕುರ್ಚಿಯನ್ನು ಕಂಡಲ್ಲಿ ನಾವು ಕಣ್ಣನ್ನು ಕಂಡೆವು. ಕ್ಯಾಥೆಡ್ರಾದ ನಿಜವಾದ ಜೊತೆಗಾರ ಪದ ನಮ್ಮಲ್ಲಿರುವುದು ‘ಪೀಠ’. ಮಠದ ಗುರುಪೀಠ, ಹೈಕೋರ್ಟಿನ ವಿಭಾಗೀಯ ಪೀಠ, ವಿಶ್ವವಿದ್ಯಾಲಯದ ಅಧ್ಯಯನ ಪೀಠ ಎಲ್ಲವೂ ಕೂರುವ ಮಣೆಯಿಂದ ಹೊರಟು ಸಂಸ್ಥೆಯಾಗಿ ಬೆಳೆದವು. ಧರ್ಮ, ನ್ಯಾಯ, ವಿದ್ಯೆ ಮೂರೂ ಅಧಿಕಾರ ಚಲಾಯಿಸಲು ಮೊದಲು ಕೂರಬೇಕು ಎಂಬ ತಿಳಿವಳಿಕೆ ಗ್ರೀಕಿನದೂ ಹೌದು, ನಮ್ಮದೂ ಹೌದು. ಚುನಾವಣೆ ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ಬರೆಯುವ ‘ಕುರ್ಚಿ ಕಾದಾಟ’ಕ್ಕೂ ಬೇರೆ ವಿವರಣೆ ಬೇಕಿಲ್ಲ.