ಪ್ರಹೇಳಿಕೆಯಲ್ಲಿ ಅಡಗಿದ ಕ್ರಿಯೆ

‘ಕ್ರಿಯೆ’ ಎಂಬ ಶಬ್ದವು ಲೋಕವ್ಯವಹಾರದಲ್ಲಿ ಮಾನವನ ಕಾರ್ಯವನ್ನೂ ವ್ಯಾಕರಣದಲ್ಲಿ ಆ ಕಾರ್ಯವನ್ನು ತಿಳಿಸುವ ಪದದ ಅರ್ಥವನ್ನೂ ಸೂಚಿಸುತ್ತದೆ. ಈ ಎರಡರ ಕೂಡುನೆಲದಲ್ಲಿ ಹುಟ್ಟಿದ ಶಬ್ದವಿನೋದವೇ ಸಂಸ್ಕೃತದ ‘ಕ್ರಿಯಾಗುಪ್ತ’. ಪದ್ಯದಲ್ಲಿ ಕರ್ತೃವಿರುತ್ತಾನೆ, ಕರ್ಮವಿರುತ್ತದೆ. ಆದರೆ ನಡೆದ ಕಾರ್ಯವೇನೆಂಬುದು ಮೇಲುನೋಟಕ್ಕೆ ಗೋಚರಿಸದು. ಅದನ್ನು ಹುಡುಕಿ ತೆಗೆಯುವುದೇ ಓದುಗನ ಕೆಲಸ.

ಧರ್ಮದಾಸನ ‘ವಿದಗ್ಧಮುಖಮಂಡನ’ವು ಕ್ರಿಯಾಗುಪ್ತದೊಡನೆ ಕರ್ತೃಗುಪ್ತ, ಕರ್ಮಗುಪ್ತ ಮೊದಲಾದ ಪ್ರಭೇದಗಳನ್ನೂ ನಿರೂಪಿಸುತ್ತದೆ. ಅಡಗಿಸುವ ಉಪಾಯಗಳಲ್ಲಿ ಎರಡು ಮುಖ್ಯವಾದವು: ಸಂಧಿಯಲ್ಲಿ ಪದದ ಎಲ್ಲೆಯನ್ನು ಮರೆಸುವುದು, ನಾಮಪದದಂತೆ ತೋರುವ ಕ್ರಿಯಾರೂಪವನ್ನು ಬಳಸುವುದು. ‘ಭವತಿ’ ಎಂದರೆ ‘ಆಗುತ್ತದೆ’. ಭಿಕ್ಷೆ ಬೇಡುವ ವಟುವಿನ ಬಾಯಲ್ಲಿ ಅದೇ ‘ಪೂಜ್ಯಳೇ’ ಎಂಬ ಸಂಬೋಧನೆ. ‘ಗಚ್ಛತಿ’ ಎಂಬುದು ‘ಹೋಗುತ್ತಾನೆ’ ಎಂದೂ ‘ಹೋಗುತ್ತಿರುವವನಲ್ಲಿ’ ಎಂದೂ ಅರ್ಥ ಕೊಡಬಲ್ಲುದು. ಕನ್ನಡದ ‘ಕಾಡು’, ‘ಆಡು’ ಎಂಬ ಮಾತುಗಳಲ್ಲಿಯೂ ವಸ್ತು ಮತ್ತು ಕ್ರಿಯೆ ಹೀಗೆಯೇ ಒಂದೇ ರೂಪದಲ್ಲಿ ನೆಲೆಸಿವೆ.

ಇಂತಹ ಒಗಟುಗಳ ಯೋಗ್ಯತೆಯ ವಿಷಯದಲ್ಲಿ ಪ್ರಾಚೀನರಲ್ಲಿ ಏಕಾಭಿಪ್ರಾಯವಿರಲಿಲ್ಲ. ವಾತ್ಸ್ಯಾಯನನು ಪ್ರಹೇಳಿಕೆಯನ್ನು 64 ಕಲೆಗಳಲ್ಲಿ ಎಣಿಸಿದನು. ವ್ಯಾಖ್ಯಾನದಿಂದಲೇ ತಿಳಿಯಬೇಕಾದ ಕಾವ್ಯ ಅಲ್ಪಮತಿಗಳಿಗೆ ದಕ್ಕದೆಂದು ಭಾಮಹನು ಆಕ್ಷೇಪಿಸಿದನು. ದಂಡಿಯಾದರೋ 16 ಪ್ರಹೇಳಿಕೆಗಳನ್ನು ವಿವರಿಸಿ, ಗೋಷ್ಠಿಯ ವಿನೋದಕ್ಕೂ ಜನರ ನಡುವಿನ ಗುಪ್ತಭಾಷಣಕ್ಕೂ ಅವು ಉಪಯುಕ್ತವೆಂದನು. 14ನೆಯ ಶತಮಾನದ ವಿಶ್ವನಾಥನು ರಸಕ್ಕೆ ಅಡ್ಡಿಯಾಗುವುದರಿಂದ ಪ್ರಹೇಳಿಕೆ ಅಲಂಕಾರವೇ ಅಲ್ಲವೆಂದು ನಿರ್ಣಯಿಸಿದನು.

ರಸದೃಷ್ಟಿಯಿಂದ ಈ ತೀರ್ಪು ಯುಕ್ತವೇ. ಅಲ್ಲಮಪ್ರಭುವಿನ ಬೆಡಗಿನ ವಚನಗಳೊಡನೆ ಹೋಲಿಸಿದಾಗ ಅಂತರ ಇನ್ನೂ ಸ್ಪಷ್ಟವಾಗುತ್ತದೆ: ಬೆಡಗು ಅನುಭಾವವನ್ನು ಮರೆಸಿ ತೋರಿಸುತ್ತದೆ, ಕ್ರಿಯಾಗುಪ್ತವು ಪದವೊಂದನ್ನು ಮಾತ್ರ. ಆದರೂ ಭಾಷಾಶಿಕ್ಷಣದಲ್ಲಿ ಅದರ ಸ್ಥಾನವನ್ನು ಅಲ್ಲಗಳೆಯಲಾಗದು. ಪ್ರತಿಯೊಂದು ಪದವನ್ನೂ ಬಿಡಿಸಿ, ವಿಭಕ್ತಿಯನ್ನು ಪರೀಕ್ಷಿಸಿ, ಅನ್ವಯ ಕೂಡಿಸದ ಹೊರತು ಗುಪ್ತಪದ ಕೈಗೆ ಸಿಗದು.

1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪದಬಂಧ ಬೇರೊಂದು ನಾಡಿನ ಬೇರೊಂದು ಬೆಳೆ. ಆದರೆ ಮುಂದೆ ಇಂಗ್ಲೆಂಡಿನಲ್ಲಿ ಬೆಳೆದ ಗೂಢಾರ್ಥದ ಪದಬಂಧದ ಮರ್ಮ ಇದೇ. ಅಲ್ಲಿ ‘ಡೀಡ್’ ಎಂಬ ಮಾತು ಮಾನವನ ಕೃತ್ಯವೂ ಆಗಬಹುದು, ಆಸ್ತಿಯ ದಸ್ತಾವೇಜೂ ಆಗಬಹುದು. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲಿಪಿಚಿಹ್ನೆ. ಕನ್ನಡ ಪದಬಂಧದಲ್ಲಿ ಗುಣಿತ, ಒತ್ತು ಸಹಿತವಾದ ಪೂರ್ಣಾಕ್ಷರ. ಆದುದರಿಂದ ‘ಕಾಯಕ’ಕ್ಕೆ ಮೂರೇ ಮನೆ, ಅವುಗಳಲ್ಲಿ ಮೊದಲೆರಡರಲ್ಲಿ ‘ಕಾಯ’ ಅಡಗಿದೆ.

ಕ್ರಿಯೆ ದೊರೆತೊಡನೆ ಚದುರಿದ್ದ ಕಾರಕಗಳೆಲ್ಲ ತಮ್ಮ ತಮ್ಮ ಸ್ಥಾನವನ್ನು ಸೇರುತ್ತವೆ. ವಾಕ್ಯಕ್ಕೆ ಕ್ರಿಯೆಯೇ ಆಧಾರವೆಂಬ ವೈಯಾಕರಣರ ಸಿದ್ಧಾಂತವನ್ನು ಈ ಪುಟ್ಟ ವಿನೋದವು ಪ್ರತ್ಯಕ್ಷವಾಗಿ ತೋರಿಸಿಕೊಡುತ್ತದೆ.