ಆಲಿವರ್ ಮ್ಟುಕುಡ್ಜಿ: ಸಭಿಕರ ದನಿಯೊಡನೆ ಉಳಿದ ಹಾಡುಗಳು

ಜಿಂಬಾಬ್ವೆಯ ಗಾಯಕ, ಗಿಟಾರ್ ವಾದಕ ಆಲಿವರ್ ಮ್ಟುಕುಡ್ಜಿ 2019ರ ಜನವರಿ 23ರಂದು ಹರಾರೆಯ ಆಸ್ಪತ್ರೆಯೊಂದರಲ್ಲಿ ನಿಧನರಾದರು. ಮಧುಮೇಹದಿಂದ ಬಳಲುತ್ತಿದ್ದ ಅವರಿಗೆ ಆಗ 66 ವರ್ಷ. ಜನ ಪ್ರೀತಿಯಿಂದ 'ಟುಕು' ಎಂದು ಕರೆಯುತ್ತಿದ್ದ ಅವರ ಧ್ವನಿಮುದ್ರಿಕೆಗಳ ಸಂಖ್ಯೆ 60ನ್ನು ಮೀರುತ್ತದೆ. ಇಷ್ಟರಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಅವರನ್ನು ಸ್ಮರಿಸುವುದಾದರೆ, ಸ್ಟುಡಿಯೋದಲ್ಲಿ ಅಚ್ಚುಕಟ್ಟಾಗಿ ಮುದ್ರಿತವಾದವುಗಳಿಗಿಂತ 2002ರ 'ಶಾಂಡಾ' ಸಾಕ್ಷ್ಯಚಿತ್ರದಲ್ಲಿ ಸೆರೆಯಾಗಿರುವ ಸಂಗೀತ ಕಛೇರಿಯೇ ಮೇಲು. ಜಾನ್ ರೈಬರ್ ಮತ್ತು ಲೂಯಿಸ್ ರೈಬರ್ ದಂಪತಿ ತಯಾರಿಸಿದ ಈ ಚಿತ್ರದಲ್ಲಿ ಮ್ಟುಕುಡ್ಜಿ ತಮ್ಮ 'ಬ್ಲ್ಯಾಕ್ ಸ್ಪಿರಿಟ್ಸ್' ತಂಡದೊಡನೆ ಸಭಿಕರೆದುರು ಹಾಡುತ್ತಾರೆ. ಹಾಡುಗಳ ನಡುವೆ ಅವರ ಬದುಕಿನ ಮಾತು ಬಂದುಹೋಗುತ್ತದೆ. 'ಶಾಂಡಾ' ಎಂದರೆ ಶೋನಾ ಭಾಷೆಯಲ್ಲಿ 'ದುಡಿ' ಎಂದರ್ಥ.

ಕಛೇರಿಯ ಮುದ್ರಣವೇ ಏಕೆ ಮೇಲು ಎಂಬುದಕ್ಕೆ ಶೋನಾ ಸಂಗೀತದ ರಚನೆಯಲ್ಲಿಯೇ ಉತ್ತರವಿದೆ. ಆ ಜನರ ಪ್ರಾಚೀನ ವಾದ್ಯ ಎಂಬಿರಾ. ಮರದ ಹಲಗೆಯ ಮೇಲೆ ಲೋಹದ ಪಟ್ಟಿಗಳನ್ನು ಜೋಡಿಸಿ, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೀಟುವ ಈ ವಾದ್ಯವನ್ನು ಸಾಮಾನ್ಯವಾಗಿ ಒಬ್ಬರೇ ನುಡಿಸುವುದಿಲ್ಲ. ಒಬ್ಬ ವಾದಕ ಮುನ್ನಡೆಸುವ ಭಾಗಕ್ಕೆ 'ಕುಶೌರಾ' ಎಂದೂ, ಮತ್ತೊಬ್ಬ ಅದರ ಸಂದುಗಳಲ್ಲಿ ಹೆಣೆಯುತ್ತಾ ಹೋಗುವ ಭಾಗಕ್ಕೆ 'ಕುತ್ಸಿನ್ಹಿರಾ' ಎಂದೂ ಹೆಸರು. ಎರಡು ಕೂಡಿದಾಗಲೇ ರಾಗ ಪೂರ್ಣ. ಇದರೊಡನೆ ಸೋರೆ ಬುರುಡೆಯೊಳಗೆ ಬೀಜ ತುಂಬಿದ ಗಿಲಕಿ 'ಹೋಶೋ'ದ ತಾಳ, ನೆರೆದವರ ಚಪ್ಪಾಳೆ, ಎತ್ತುಗಡೆಗೆ ಪ್ರತಿಯಾಗಿ ಏಳುವ ಕೂಗು. ಮ್ಟುಕುಡ್ಜಿ ಎಂಬಿರಾದ ನಡೆಯನ್ನು ಗಿಟಾರಿನ ತಂತಿಗಳಿಗೆ ಇಳಿಸಿದರು. ತಮ್ಮ ಕೊರೆಕೊರೆ ಸಮುದಾಯದ 'ಕಟೆಕ್ವೆ' ತಮಟೆಗತ್ತನ್ನೂ ದಕ್ಷಿಣ ಆಫ್ರಿಕದ 'ಎಂಬಕಂಗಾ'ವನ್ನೂ ಅದಕ್ಕೆ ಬೆರೆಸಿದರು. ಈ ಮಿಶ್ರಣಕ್ಕೆ ಜನರು 'ಟುಕು ಸಂಗೀತ'ವೆಂದೇ ಹೆಸರಿಟ್ಟರು. ಸ್ಟುಡಿಯೋದಲ್ಲಿ ಪ್ರತಿದನಿ ನೀಡುವವರು ಮೂರು ನಾಲ್ಕು ಸಹಗಾಯಕರಷ್ಟೇ. ಕಛೇರಿಯಲ್ಲಾದರೋ ಇಡೀ ಸಭೆಯೇ ಕುತ್ಸಿನ್ಹಿರಾ ಆಗುತ್ತದೆ.

ಅವರು ಹುಟ್ಟಿದ್ದು 1952ರ ಸೆಪ್ಟೆಂಬರ್ 22ರಂದು, ಅಂದಿನ ದಕ್ಷಿಣ ರೊಡೇಶಿಯಾದ ರಾಜಧಾನಿ ಸಾಲಿಸ್‌ಬರಿಯ ಹೈಫೀಲ್ಡ್ ಬಡಾವಣೆಯಲ್ಲಿ. ಅದು ಕರಿಯರಿಗೆಂದು ಬಿಳಿಯರ ಆಡಳಿತ ಮೀಸಲಿಟ್ಟ ವಸತಿ ಪ್ರದೇಶ. ತಂದೆ ತಾಯಿ ಇಬ್ಬರೂ ವೃಂದಗಾಯಕರು. 1977ರಲ್ಲಿ 'ವ್ಯಾಗನ್ ವೀಲ್ಸ್' ತಂಡ ಸೇರಿದ ಅವರು ಅಲ್ಲಿ ಥಾಮಸ್ ಮಪ್‌ಫುಮೊ ಅವರೊಡನೆ ಹಾಡಿದರು. ಮುಂದೆ ಬ್ಲ್ಯಾಕ್ ಸ್ಪಿರಿಟ್ಸ್ ತಂಡವನ್ನು ಮುನ್ನಡೆಸಿದರು. 1980ರಲ್ಲಿ ದೇಶ ಸ್ವತಂತ್ರವಾದಾಗ ಅವರ 'ಆಫ್ರಿಕಾ' ಧ್ವನಿಮುದ್ರಿಕೆ ಮನೆಮಾತಾಯಿತು.

ಒರಟು ಕಂಠ, ಹಾಡಿನ ನಡುವೆ ತಾಳಕ್ಕೆ ಸರಿಯಾಗಿ ಬರುವ ಒಣ ಕೆಮ್ಮು. ಇವೆರಡೂ ಟುಕುವಿನ ರುಜುವಿದ್ದಂತೆ. ಆ ಕೆಮ್ಮನ್ನು ರೋಗವೆಂದು ತಿಳಿದು ಮರುಗಿದ ಹೊಸಬರೂ ಇದ್ದಿರಬಹುದು!

ಪ್ರಶ್ನೆಯಾಗಿ ನಿಂತ ಹಾಡು

1990ರ ದಶಕದ ಆರಂಭದಲ್ಲಿ ತೆರೆಕಂಡ 'ನೆರಿಯಾ' ಚಲನಚಿತ್ರ ಅವರನ್ನು ಮನೆಮನೆಗೆ ಮುಟ್ಟಿಸಿತು. ಗಂಡ ಸತ್ತೊಡನೆ ಮೈದುನ ಬಂದು ಮನೆ, ಹಣ, ಮಕ್ಕಳನ್ನೆಲ್ಲ ವಶಪಡಿಸಿಕೊಳ್ಳುವುದು, ವಿಧವೆ ನ್ಯಾಯಾಲಯದ ಮೆಟ್ಟಿಲೇರುವುದು ಅದರ ಕಥೆ. ಮೂಲಕಥೆ ಲೇಖಕಿ ಸಿತ್ಸಿ ದಂಗರೆಂಬ್ಗಾ ಅವರದು. ಮ್ಟುಕುಡ್ಜಿ ಅದರಲ್ಲಿ ನಟಿಸಿದ್ದಲ್ಲದೆ ಸಂಗೀತವನ್ನೂ ನೀಡಿದರು. ವಿಧವೆಗೆ ಸಾಂತ್ವನ ಹೇಳುವ ಶೀರ್ಷಿಕೆ ಗೀತೆ ಇಂದಿಗೂ ಅಲ್ಲಿನ ಜನರ ನಾಲಗೆಯ ಮೇಲಿದೆ. ವಿಧವೆಯರ ಆಸ್ತಿ ಹಕ್ಕನ್ನು ಬಲಪಡಿಸುವ ತಿದ್ದುಪಡಿ ಆ ದೇಶದಲ್ಲಿ ಬಂದದ್ದು 1997ರಲ್ಲಿ.

ಆದರೆ ಸಭಿಕರ ಪಾತ್ರ ಎಷ್ಟು ದೊಡ್ಡದೆಂಬುದನ್ನು ತೋರಿಸುವ ಹಾಡು 'ಟೋಡಿ'. 1990ರ ದಶಕದ ಕೊನೆಯಲ್ಲಿ ಜಿಂಬಾಬ್ವೆಯ ವಯಸ್ಕರಲ್ಲಿ ಸುಮಾರು ನಾಲ್ವರಿಗೊಬ್ಬರು ಎಚ್‌ಐವಿ ಸೋಂಕಿತರೆಂಬ ಅಂದಾಜಿತ್ತು. ಶವಸಂಸ್ಕಾರವಿಲ್ಲದ ವಾರವಿರಲಿಲ್ಲ, ಆದರೂ ರೋಗದ ಹೆಸರು ಯಾರ ಬಾಯಿಂದಲೂ ಹೊರಡುತ್ತಿರಲಿಲ್ಲ. 'ನ್ಯುಮೋನಿಯಾ', 'ದೀರ್ಘಕಾಲದ ಕಾಯಿಲೆ' ಎಂಬ ಮರೆಮಾತುಗಳೇ ಎಲ್ಲೆಡೆ. ಇಂತಹ ಕಾಲದಲ್ಲಿ 'ಏನು ಮಾಡೋಣ?' ಎಂಬ ಪ್ರಶ್ನೆಯನ್ನೇ ಮ್ಟುಕುಡ್ಜಿ ಹಾಡಾಗಿಸಿದರು. ಅವರು ಉಪದೇಶ ಮಾಡಲಿಲ್ಲ, ಪರಿಹಾರ ಸೂಚಿಸಲಿಲ್ಲ. ಕುಣಿತಕ್ಕೆ ಎಳೆಯುವ ಲಯದಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ಸ್ಟುಡಿಯೋ ಮುದ್ರಣದಲ್ಲಿ ಅದು ಒಬ್ಬ ಕಲಾವಿದನ ಪ್ರಶ್ನೆ. ಸಾವಿರಾರು ಮಂದಿ ಕುಣಿಯುತ್ತಲೇ ಅದನ್ನು ಹಿಂದಿರುಗಿಸಿದಾಗ, ಬೀದಿಯಲ್ಲಿ ಆಡಲಾಗದ ಮಾತನ್ನು ಊರಿಗೆ ಊರೇ ಒಟ್ಟಾಗಿ ಆಡಿದಂತಾಗುತ್ತಿತ್ತು.

ಹೇಳದೆ ಹೇಳಿದ್ದು

ಇನ್ನೊಂದು ಹಾಡು 'ವಸಕರಾ', 'ಬ್ವುಮಾ' ಧ್ವನಿಮುದ್ರಿಕೆಯದು. ನಿನಗೆ ವಯಸ್ಸಾಯಿತು, ಒಪ್ಪಿಕೋ ಎಂಬುದು ಅದರ ತಿರುಳು. ಆಗ ಅಧ್ಯಕ್ಷ ರಾಬರ್ಟ್ ಮುಗಾಬೆ ಎಪ್ಪತ್ತೈದು ದಾಟಿದ್ದರು. ಅಧಿಕಾರ ಬಿಡುವ ಲಕ್ಷಣವಿರಲಿಲ್ಲ. ಇದು ಮುಪ್ಪನ್ನು ಗೌರವದಿಂದ ಸ್ವೀಕರಿಸುವ ಕುರಿತ ಹಾಡು, ಅಷ್ಟೇ ಎಂದು ಮ್ಟುಕುಡ್ಜಿ ಹೇಳುತ್ತಿದ್ದರು. ಸಭಿಕರು ಒಪ್ಪಲಿಲ್ಲ. ಹರಾರೆಯ ಕಾರ್ಯಕ್ರಮವೊಂದರಲ್ಲಿ ಈ ಹಾಡಿನ ವೇಳೆ ಗೋಡೆಯ ಮೇಲಿದ್ದ ಅಧ್ಯಕ್ಷರ ಭಾವಚಿತ್ರದತ್ತ ಬೆಳಕು ತಿರುಗಿಸಿದ ತಂತ್ರಜ್ಞನನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಹಾಡು ಬರೆದವರನ್ನು ಮುಟ್ಟಲಿಲ್ಲ. ಮುಟ್ಟಲು ಹಾಡಿನಲ್ಲಿ ಹೆಸರೇ ಇರಲಿಲ್ಲವಲ್ಲ!

ನೇರವಾಗಿ ಆಳುವವರನ್ನು ಟೀಕಿಸಿದ ಮಪ್‌ಫುಮೊ ಅಮೆರಿಕ ಸೇರಬೇಕಾಯಿತು. ಮ್ಟುಕುಡ್ಜಿ ದೇಶದಲ್ಲಿಯೇ ಉಳಿದರು. ಅವರದು ಜಾರಿಕೊಳ್ಳುವ ನಡೆ ಎಂದು ಆಕ್ಷೇಪಿಸಿದವರುಂಟು. ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಅರ್ಥ ಹಚ್ಚುವ ಕೆಲಸವನ್ನು ಕೇಳುವವರಿಗೆ ಬಿಟ್ಟಿದ್ದರಿಂದಲೇ ಅವರ ಹಾಡುಗಳು ಆ ದೇಶದ ಮದುವೆ ಮನೆಯಲ್ಲಿಯೂ ಸಾವಿನ ಮನೆಯಲ್ಲಿಯೂ ಸಲ್ಲುವಂತಾದವು ಎಂಬುದೂ ನಿಜ.

ಹರಾರೆಯ ಪಶ್ಚಿಮಕ್ಕಿರುವ ನಾರ್ಟನ್ ಪಟ್ಟಣದಲ್ಲಿ ಅವರು ಯುವ ಕಲಾವಿದರಿಗಾಗಿ 'ಪಕಾರೆ ಪಾಯೆ' ಕಲಾಕೇಂದ್ರವನ್ನು ಕಟ್ಟಿದರು. 2010ರ ಮಾರ್ಚ್‌ನಲ್ಲಿ ಮಗ ಸ್ಯಾಮ್, ತಾನೂ ಸಂಗೀತಗಾರ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 21 ವರ್ಷ. ಎರಡು ವರ್ಷಗಳ ಬಳಿಕ ತಂದೆ ಹೊರತಂದ ಧ್ವನಿಮುದ್ರಿಕೆಯ ಹೆಸರು 'ಸರವೋಗಾ', ಒಂಟಿಯಾಗಿ ಉಳಿದವನು ಎಂದರ್ಥ. ದಕ್ಷಿಣ ಆಫ್ರಿಕದ ಕಹಳೆ ವಾದಕ, ಗೆಳೆಯ ಹ್ಯೂ ಮಸಕೇಲಾ ತೀರಿಕೊಂಡದ್ದು 2018ರ ಜನವರಿ 23ರಂದು. ಸರಿಯಾಗಿ ಒಂದು ವರ್ಷಕ್ಕೆ, ಅದೇ ದಿನ, ಮ್ಟುಕುಡ್ಜಿ ಹೋದರು.

ಮುಗಾಬೆ 2017ರಲ್ಲಿ ಪದಚ್ಯುತರಾಗಿದ್ದರೂ ಅಧಿಕಾರದಲ್ಲಿದ್ದುದು ಅದೇ ಪಕ್ಷ. ಆ ಸರ್ಕಾರವೇ ಮ್ಟುಕುಡ್ಜಿ ಅವರನ್ನು ರಾಷ್ಟ್ರವೀರರೆಂದು ಘೋಷಿಸಿತು. ಆ ಗೌರವ ಪಡೆದ ಮೊದಲ ಸಂಗೀತಗಾರರು ಅವರು. ರಾಷ್ಟ್ರವೀರರಿಗೆ ರಾಜಧಾನಿಯಲ್ಲಿ ಸ್ಮಾರಕ ಭೂಮಿಯಿದೆ. ಮ್ಟುಕುಡ್ಜಿ ಅವರನ್ನು ಮಣ್ಣು ಮಾಡಿದ್ದು ಮಾತ್ರ ಮಡ್ಜಿವಾದಲ್ಲಿ, ಅವರ ಹಿರೀಕರ ಊರಿನಲ್ಲಿ.